ಚಾರ್ಟ್ ಮಡಿಸಿಟ್ಟು ಬೈಬಲ್ ವಚನ ಓದಿದೆವು: ನನ್ನ ಅನುಭವ

ತೀರ್ಥಹಳ್ಳಿ ಕಡೆ ನಮ್ಮದು ಚಿಕ್ಕ ಮನೆಕೂಟ, ಅಂದರೆ ಮನೆಯಲ್ಲೇ ಸೇರಿ ಆರಾಧಿಸುವ ಕ್ರೈಸ್ತರ ಗುಂಪು. ದೇವರು ಮನುಷ್ಯರನ್ನು ನಡೆಸುವ ಕಾಲವನ್ನು ಏಳು ಯುಗಗಳಾಗಿ ಭಾಗ ಮಾಡಿ ತೋರಿಸುವ ಚಾರ್ಟ್ ನೋಡಿಕೊಂಡೇ ಬೆಳೆದವರು ನಾವು; ಅದರಲ್ಲಿ ಈಗಿನದು ಕೃಪೆಯ ಯುಗ. ಬೆಂಗಳೂರಿನಿಂದ ಬಂದ ಒಬ್ಬ ವಿಶ್ವಾಸಿ ತಮ್ಮ, "ಅಣ್ಣಾ, ನೀರಿನ ದೀಕ್ಷಾಸ್ನಾನ ಈ ಕೃಪೆಯ ಯುಗಕ್ಕಲ್ಲ, ಸಭೆ ಶುರುವಾಗಿದ್ದೇ ಅಪೊಸ್ತಲರ ಕೃತ್ಯಗಳು 28ರ ನಂತರ" ಅಂದ. ಸಭೆ ಅಂದರೆ ಇಲ್ಲಿ ಕ್ರಿಸ್ತನನ್ನು ನಂಬಿದವರೆಲ್ಲರ ಸಮೂಹ; 28 ಅಂದರೆ ಆ ಪುಸ್ತಕದ ಕೊನೆಯ ಅಧ್ಯಾಯ, ಅಪೊಸ್ತಲ ಪೌಲ ರೋಮಿನಲ್ಲಿ ಸೆರೆಯಲ್ಲಿದ್ದ ಕಾಲ. ಇದು ಇಂಗ್ಲೆಂಡಿನ ಬೈಬಲ್ ಪಂಡಿತ ಬುಲ್ಲಿಂಗರ್ (1837–1913) ಕಲಿಸಿದ್ದು. ಆದರೆ ಯುಗಗಳ ಬೋಧನೆಯನ್ನು ಹರಡಿದ ಡಾರ್ಬಿ ಕಡೆಯವರೂ, ಅದೇ ಬೋಧನೆಯ ಟಿಪ್ಪಣಿಗಳಿರುವ 1909ರ ಸ್ಕೋಫೀಲ್ಡ್ ಬೈಬಲ್ ಓದುವವರೂ ಸಭೆ ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮದ ದಿನ, ಅಂದರೆ ಅದೇ ಪುಸ್ತಕದ 2ನೇ ಅಧ್ಯಾಯದಲ್ಲೇ ಹುಟ್ಟಿತು ಅನ್ನುತ್ತಾರೆ.

ತಪ್ಪು ಬೋಧನೆ ಅಂತ ಸುಮ್ನೆ ಬೈದು ಕಳಿಸಲು ಮನಸ್ಸಾಗಲಿಲ್ಲ. ಮೊದಲು ಅವನು ತೋರಿಸಿದ ವಚನಗಳನ್ನೇ ಓದಿದೆವು. "ದೀಕ್ಷಾಸ್ನಾನ ಮಾಡಿಸುವುದಕ್ಕೆ ಕ್ರಿಸ್ತನು ನನ್ನನ್ನು ಕಳುಹಿಸಲಿಲ್ಲ" ಅಂತ ಪೌಲ ಹೇಳುವುದು 1 ಕೊರಿಂಥ 1:17ರಲ್ಲಿ ಇದೆ, ನಿಜ. ಆದರೆ ಮೂರು ವಚನ ಹಿಂದೆ ಹೋದರೆ ಕ್ರಿಸ್ಪನಿಗೂ ಗಾಯನಿಗೂ ಅವನೇ ದೀಕ್ಷಾಸ್ನಾನ ಮಾಡಿಸಿದ್ದಾನೆ, ಅಲ್ವಾ? ಅಲ್ಲಿನ ಜಗಳ ನೀರಿನದ್ದಲ್ಲ, ನಾನು ಪೌಲನವನು, ನಾನು ಅಪೊಲ್ಲೋಸನವನು ಅನ್ನುವ ಗುಂಪುಗಾರಿಕೆಯದ್ದು. ನನಗೆ ಜಾಸ್ತಿ ಬೆಳಕು ಕೊಟ್ಟಿದ್ದು ಬೇರೆ ಎರಡು ವಚನ. ತಾನು ದೇವರ ಸಭೆಯನ್ನು ಹಿಂಸಿಸಿದೆ ಅಂತ ಪೌಲನೇ ಗಲಾತ್ಯ 1:13ರಲ್ಲಿ ಬರೆಯುತ್ತಾನೆ, ಅಂದರೆ ಅವನು ನಂಬುವ ಮೊದಲೇ ಸಭೆ ಇತ್ತು. ರೋಮಾಪುರ 16:7ರಲ್ಲಿ ತನಗಿಂತ ಮುಂಚೆ ಕ್ರಿಸ್ತನಲ್ಲಿದ್ದವರನ್ನು ಹೆಸರು ಹೇಳಿ ವಂದಿಸುತ್ತಾನೆ. ಇಷ್ಟಾದ ಮೇಲೂ ಸಭೆಯನ್ನು 28ನೇ ಅಧ್ಯಾಯದ ಆಚೆಗೆ ತಳ್ಳುವುದು ನನಗೆ ಸಾಧ್ಯವಿಲ್ಲ. ಆ ತಮ್ಮ ಎಫೆಸ 3ರ ಮರ್ಮವನ್ನು, ಅಂದರೆ ಯೆಹೂದ್ಯರಲ್ಲದವರೂ ಒಂದೇ ದೇಹದಲ್ಲಿ ಪಾಲುಗಾರರು ಅಂತ ಪೌಲನಿಗೆ ತಿಳಿಸಲಾದ ಗುಟ್ಟನ್ನು, ಮುಂದಿಟ್ಟ. ಮರ್ಮ ಪೂರ್ತಿ ತಿಳಿದದ್ದು ಯಾವಾಗ, ಸಭೆ ಶುರುವಾದದ್ದು ಯಾವಾಗ, ಎರಡೂ ಒಂದೇ ಪ್ರಶ್ನೆ ಅಲ್ಲ ಅಂದೆ.

ಅದೇ ಅಳತೆಯನ್ನು ನಮ್ಮ ಸ್ವಂತ ಬೋಧನೆಗೂ ಹಿಡಿಯಬೇಕಾಯಿತು. ಕರ್ತನು ಬಂದು ನಮ್ಮನ್ನು ಮೇಘಗಳಲ್ಲಿ ಒಯ್ಯುತ್ತಾನೆ, ಇದು 1 ಥೆಸಲೋನಿಕ 4:17ರಲ್ಲಿ ನೇರವಾಗಿ ಇದೆ. ಅದು ಕಡೇ ಕಾಲದ ಏಳು ವರ್ಷದ ಮಹಾ ಸಂಕಟಕ್ಕೆ ಮುಂಚೆಯೇ ಆಗುತ್ತದೆ ಅನ್ನುವ ನಮ್ಮ ಬೋಧನೆ ಆ ವಚನದಲ್ಲಿ ಇಲ್ಲ, ದಾನಿಯೇಲ 9, ಪ್ರಕಟನೆ 3:10 ಎಲ್ಲ ಜೋಡಿಸಿ, ಇಸ್ರಾಯೇಲೇ ಬೇರೆ ಸಭೆಯೇ ಬೇರೆ ಅಂತ ಹಿಡಿದಾಗ ಬರುವ ತೀರ್ಮಾನ ಅದು. ನಾನು ಅದನ್ನು ಮನಸಾರೆ ನಂಬುತ್ತೇನೆ. ಆದರೆ ಅದಕ್ಕಾಗಿ ಯಾರನ್ನೂ ಕರ್ತನ ಮೇಜಿನಿಂದ, ಅಂದರೆ ರೊಟ್ಟಿ ಮುರಿದು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯಿಂದ, ದೂರ ಇಡಬಾರದು ಅಂತ ಹಿರಿಯರಿಗೆ ಹೇಳಿದ್ದೇನೆ. ಒಬ್ಬ ಹಿರಿಯರು ಇನ್ನೂ ಒಪ್ಪಿಲ್ಲ. ಅವರ ಮನೆಯಲ್ಲೇ ಈಗ ದಾನಿಯೇಲ 9 ಓದುತ್ತಿದ್ದೇವೆ.