ಒಂಟಿಯಾದ ಗಿನಿ ಪಿಗ್‌ಗೆ ಹೊಸ ಜೊತೆ: ನನ್ನ ಅನುಭವ

ಜೊತೆಗಾತಿ ಸತ್ತ ಮೇಲೆ ನಮ್ಮ ಮೂರು ವರ್ಷದ ಹೆಣ್ಣು ಗಿನಿ ಪಿಗ್ (ಮೊಲದಂತೆ ಹುಲ್ಲು ತಿನ್ನುವ ಪುಟ್ಟ ಸಾಕುಪ್ರಾಣಿ) ಮೂಲೆ ಹಿಡಿಯಿತು. ಫ್ರಿಜ್ ಬಾಗಿಲು ತೆರೆದರೂ ಮೊದಲಿನಂತೆ ತಿನಿಸಿನ ಆಸೆಗೆ ಕೂಗುತ್ತಿರಲಿಲ್ಲ. ಪಶುವೈದ್ಯರಿಗೆ ಕಾಯಿಲೆ ಕಾಣಲಿಲ್ಲ. ಕನ್ನಡಿ, ಗೊಂಬೆ ಫಲಿಸಲಿಲ್ಲ. ಹೆಣ್ಣು ಮರಿಯೊಂದನ್ನು ತಂದು, 2 ವಾರ ಬೇರೆ ಕೋಣೆಯಲ್ಲಿಟ್ಟು, ನೇರವಾಗಿ ಹಳೆಯ ಗೂಡಿಗೇ ಬಿಟ್ಟದ್ದು ತಪ್ಪು. ಹಿರಿಯದು ಹಲ್ಲು ಕಟಕಟಿಸುತ್ತಾ ಎರಗಿತು.

ಕೊನೆಗೆ ಎರಡೂ ಕಾಲಿಡದ ಕೋಣೆಯಲ್ಲಿ ಚಾದರ ಹಾಸಿ, ನಡುವೆ ಒಣಹುಲ್ಲಿನ ದೊಡ್ಡ ರಾಶಿ ಹಾಕಿ, ಕೊತ್ತಂಬರಿ ಸೊಪ್ಪನ್ನು ಅಲ್ಲಲ್ಲಿ ಹರಡಿದೆ. ಅಡಗಲು ಇಟ್ಟ ಪ್ರತಿ ರಟ್ಟಿನ ಪೆಟ್ಟಿಗೆಗೂ ಎರಡು ಬಾಗಿಲು ಕೊರೆದೆ. ಒಂದೇ ಇದ್ದರೆ ಮರಿ ಒಳಗೆ ಸಿಕ್ಕಿಬೀಳುತ್ತದೆ. ಗುರುಗುಟ್ಟುವುದು, ಅಟ್ಟುವುದು, ಮೇಲೇರುವುದು ಸಹಜ, ತಡೆಯಬೇಡಿ. ಕಚ್ಚಿ ರಕ್ತ ಬಂದರೆ ಮಾತ್ರ ಟವೆಲ್ ಹಾಕಿ ಬೇರ್ಪಡಿಸಿ; ಬರಿಗೈ ಬೇಡ. ಅಷ್ಟರಲ್ಲಿ ಗೂಡನ್ನು ವಿನೆಗರ್ ನೀರಿನಿಂದ ತೊಳೆದು, ಹಾಸು ಬದಲಿಸಿದೆ. ನಾಲ್ಕು ಗಂಟೆಗಳ ನಂತರ ಎರಡೂ ಒಂದೇ ಹುಲ್ಲೆಸಳಿನ ಎರಡು ತುದಿ ಜಗಿಯುತ್ತಿದ್ದವು. ಆಗ ಒಟ್ಟಿಗೆ ಗೂಡಿಗೆ ಬಿಟ್ಟೆ.