ಪೀರ್ ಕಡಿಮೆ ಮಾಡಿದೆ, ಸಿಂಕ್ ಓಡಿತು

ಬಿಟ್‌ಕಾಯಿನ್ ಚೈನ್ (ಎಲ್ಲ ವಹಿವಾಟುಗಳೂ ಇರುವ ಬ್ಲಾಕ್‌ಗಳ ಸರಪಳಿ) ಪೂರ್ತಿ ಇಳಿಸುವ ಕ್ಲೈಂಟನ್ನು ನಾನೇ ಬರೆಯುತ್ತೇನೆ ಅಂದಾಗ, "ಬಿಟ್‌ಕಾಯಿನ್ ಕೋರ್ ಅನ್ನೋ ಸಾಫ್ಟ್‌ವೇರ್ ಇದೆಯಲ್ಲ, ಸುಮ್ನೆ ಯಾಕೆ ತಲೆನೋವು?" ಅಂದವರೇ ಜಾಸ್ತಿ. ಈಗ ಅದು ಮೊದಲ ಬ್ಲಾಕಿನಿಂದ ತುದಿವರೆಗೆ ಎಲ್ಲೂ ಮುಗ್ಗರಿಸದೆ ಓಡುತ್ತಿದೆ. ಅವರಲ್ಲಿ ಇಬ್ಬರು ಕೋಡ್ ಕೇಳಿದ್ದಾರೆ!

ಹೆಡರ್ (ಪ್ರತಿ ಬ್ಲಾಕಿನ ಪುಟ್ಟ ತಲೆಬರಹ) ವಿಷಯ ಬಿಡಿ. ಒಂದಕ್ಕೆ 80 ಬೈಟ್, ಒಂದು ಸಲಕ್ಕೆ 2000. ಒಬ್ಬ ಒಳ್ಳೆ ಪೀರ್ (ನೆಟ್‌ವರ್ಕ್‌ನಲ್ಲಿ ಡೇಟಾ ಕೊಡುವ ಇನ್ನೊಂದು ಕಂಪ್ಯೂಟರ್) ಸಿಕ್ಕರೆ ಮುಗಿಯಿತು. ಕಾಟ ಕೊಟ್ಟಿದ್ದು ಬ್ಲಾಕ್‌ಗಳು.

ಶುರುವಿಗೆ ಅರವತ್ತು ಚಿಲ್ಲರೆ ಪೀರ್ ಹಿಡಿದೆ. ಕೋರ್ ಥರವೇ 1024 ಬ್ಲಾಕ್‌ಗಳ ವಿಂಡೋ (ಅದರ ಮೊದಲ ಬ್ಲಾಕ್ ಬಂದರೆ ಮಾತ್ರ ಮುಂದೆ ಸರಿಯುತ್ತದೆ), ಒಬ್ಬೊಬ್ಬರಿಗೆ ಒಮ್ಮೆಗೆ 16. ನೋಡಿದರೆ ಸಾವಿರ ಬ್ಲಾಕ್ ಬಂದು ಮೆಮೊರಿಯಲ್ಲಿ ಕೂತಿವೆ, ವಿಂಡೋದ ಮೊದಲ ಬ್ಲಾಕ್ ಮಾತ್ರ ಯಾವುದೋ ಆಮೆ ಪೀರ್ ಕೈಯಲ್ಲಿ. ಅದು ಬರುವವರೆಗೆ ಎಲ್ಲರೂ ಖಾಲಿ. ಇದರ ಮೇಲೆ ಪ್ರೂನ್ ಮಾಡಿದ, ಅಂದರೆ ಹಳೆಯ ಬ್ಲಾಕ್ ಅಳಿಸಿಕೊಂಡ, ನೋಡ್‌ಗಳು (ಪೀರ್‌ಗಳೇ) ಬೇರೆ. ಅವು ಕೊನೆಯ 288 ಬ್ಲಾಕ್ ಕೊಡುತ್ತೇವೆ ಅಂತಷ್ಟೇ ಹೇಳಿಕೊಂಡಿರುತ್ತವೆ. ಹಳೆಯದು ಕೇಳಿದರೆ ಉತ್ತರವಿಲ್ಲ, ಕನೆಕ್ಷನ್ನೇ ಕಟ್. ಶುರುವಿನಲ್ಲೇ ಬರುವ ವರ್ಷನ್ ಮೆಸೇಜಿನ ಸರ್ವೀಸ್ ಬಿಟ್ (ಏನೇನು ಕೊಡುತ್ತೇನೆ ಅನ್ನುವ ಗುರುತು) ನೋಡಿ ಅವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದೆ.

ಪ್ರತಿ ಬ್ಲಾಕನ್ನೂ ಇಬ್ಬರ ಹತ್ತಿರ ಕೇಳಿ ನೋಡಿದೆ. ವೇಗ ಸ್ವಲ್ಪ ಏರಿತು, ಡೇಟಾ ಡಬಲ್ ಆಯಿತು. ಚೈನ್ 600 ಜಿಬಿ ದಾಟಿದೆ, ಗೊತ್ತಲ್ವಾ? ಬಾಡಿಗೆ ಸರ್ವರಿನವರು ಒಳಬರುವ ಡೇಟಾಕ್ಕೂ ಲೆಕ್ಕ ಹಿಡಿಯುತ್ತಿದ್ದರು. ಆ ತಿಂಗಳ ಬಿಲ್ ಮಾಮೂಲಿನ ಹೆಚ್ಚುಕಡಿಮೆ ಮೂರು ಪಟ್ಟು. ಆಮೇಲೆ ಒಂದು ಪೂರ್ತಿ ನೋಡನ್ನು ಪಕ್ಕದ ಮೆಷಿನ್ನಿನಲ್ಲಿ ಇಟ್ಟು, ನೆಟೆಮ್‌ನಿಂದ (ಲಿನಕ್ಸ್‌ನಲ್ಲಿ ನೆಟ್‌ವರ್ಕ್ ತಡವನ್ನು ನಕಲು ಮಾಡುವ ಸಾಧನ) ಬೇಕಂತಲೇ ನಿಧಾನ ಮಾಡಿ, ಪುಕ್ಕಟೆ ಟೆಸ್ಟ್ ಮಾಡಿದೆ. ಇದನ್ನು ಮೊದಲೇ ಮಾಡಿದ್ದರೆ ಒಂದು ಎಸ್‌ಎಸ್‌ಡಿ ದುಡ್ಡು ಉಳಿಯುತ್ತಿತ್ತು.

ಕೊನೆಗೆ ಕೆಲಸಕ್ಕೆ ಬಂದಿದ್ದು ಇದು: ಹನ್ನೆರಡು ಹದಿಮೂರು ಪೀರ್ ಸಾಕು. ಮೊದಲ ಬ್ಲಾಕ್ ಎರಡು ಸೆಕೆಂಡ್ ತಡವಾದರೆ ಅದೊಂದನ್ನು ಮಾತ್ರ ಅತಿ ಚುರುಕಿನವನಿಗೂ ಕೇಳು. ತಡ ಮಾಡಿದವನನ್ನು ಓಡಿಸಬೇಡ, ಅವನ ಪಾಲನ್ನು 16ರಿಂದ 2ಕ್ಕೆ ಇಳಿಸಿ ವಿಂಡೋದ ಬಾಲದ ಬ್ಲಾಕ್ ಕೊಡು. ಚುರುಕಿನವನನ್ನು ಅಳೆಯುವ ಸೂತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬರೀ ಬೈಟ್-ಪರ್-ಸೆಕೆಂಡ್ ಅಲ್ಲ ಅಂತಷ್ಟೇ ಹೇಳ್ತೀನಿ.

ಗುರುತು ಮರೆಮಾಡುವ ಟಾರ್ ನೆಟ್‌ವರ್ಕ್ ಮೇಲೂ ಓಡಿಸಿದೆ. ಹೆಡರ್‌ಗೆ ಪರವಾಗಿಲ್ಲ, ಬ್ಲಾಕ್‌ಗೆ ತಾಳ್ಮೆ ಸಾಲದು.

ಈಗ ನೆಟ್‌ವರ್ಕ್ ಮುಂದೆ, ಡಿಸ್ಕ್ ಹಿಂದೆ. ಯುಟಿಎಕ್ಸ್‌ಒ (ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿ) ಕ್ಯಾಶ್‌ಗೆ ನಾಲ್ಕು ಜಿಬಿ ಮೆಮೊರಿ ಕೊಟ್ಟರೂ ಅದು ಡಿಸ್ಕಿಗೆ ಫ್ಲಶ್ ಆಗುವಾಗ ಪೀರ್‌ಗಳು ನಿಮಿಷಗಟ್ಟಲೆ ಸುಮ್ಮನೆ ಕೂರುತ್ತಾರೆ. ಸದ್ಯ ಅದರ ಹಿಂದೆ ಬಿದ್ದಿದ್ದೇನೆ.