ಹ್ಯಾಲೋವೀನ್ ಸೋಪಿನ ಪದರ ಕಳಚದಿರಬೇಕಾದರೆ
ಅಕ್ಟೋಬರ್ 31ರ ಹ್ಯಾಲೋವೀನ್, ಅಂದರೆ ದೆವ್ವ-ಭೂತದ ವೇಷ ಹಾಕುವ ಹಬ್ಬ, ಹತ್ತಿರವಾಯಿತೆಂದರೆ ಮನೆಯ ಹುಡುಗಿಯರೆಲ್ಲ ಕಿತ್ತಳೆ, ಕಪ್ಪು, ಬಿಳಿ ಪದರಗಳ ಸೋಪು ಮಾಡಲು ಕೂರುತ್ತಾರೆ. ನೋಡಲು ಚೆಂದವಾಗಿಯೇ ಇರುತ್ತದೆ, ಆದರೆ ನಾಲ್ಕು ಸಲ ಕೈ ತೊಳೆಯುವಷ್ಟರಲ್ಲಿ ಕಪ್ಪು ಒಂದು ಕಡೆ, ಕಿತ್ತಳೆ ಒಂದು ಕಡೆ ಕಳಚಿ ಬೀಳುತ್ತದೆ. ಅವಸರಪಟ್ಟರೆ ಇನ್ನೇನಾದೀತು?

ಕರಗಿಸಿ ಅಚ್ಚಿಗೆ ಹೊಯ್ಯಲೆಂದೇ ಸಿಗುವ ಗ್ಲಿಸರಿನ್ ಸೋಪಿನ ಗಟ್ಟಿಯನ್ನು ಹೆಚ್ಚಿ, ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸುವುದು ಎಲ್ಲರಿಗೂ ಗೊತ್ತಿರುವುದೇ. ಕುದಿಯಲು ಮಾತ್ರ ಬಿಡಬಾರದು. ಕಪ್ಪು ಬಣ್ಣಕ್ಕೆ ಚಿಟಿಕೆಯಷ್ಟು ಸಕ್ರಿಯ ಇದ್ದಿಲ (ಆಕ್ಟಿವೇಟೆಡ್ ಚಾರ್ಕೋಲ್) ಪುಡಿ ಸಾಕು, ಅದನ್ನೂ ಮೊದಲು ನಾಲ್ಕು ಹನಿ ಗ್ಲಿಸರಿನ್‌ನಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಬೇಕು; ಕೈ ಜೋರಾದರೆ ನೊರೆಯೇ ಬೂದುಬಣ್ಣಕ್ಕೆ ತಿರುಗಿ ಟವೆಲ್ಲು ಹಾಳಾಗುತ್ತದೆ. ಕಿತ್ತಳೆಗೆ ಅಡುಗೆಯ ಬಣ್ಣ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ದಿನ ಕಳೆದಂತೆ ಒಳಗೆ ಕೂರಿಸಿದ ಬಿಳಿ ಸೋಪಿನ ದೆವ್ವದ ಆಕಾರದೊಳಕ್ಕೆ ಹರಿಯುತ್ತದೆ, ಆದ್ದರಿಂದ ಸೋಪಿಗೆಂದೇ ಸಿಗುವ ಬಣ್ಣದ ಮೈಕಾ (ಅಭ್ರಕ) ಪುಡಿಯನ್ನೇ ಬಳಸಬೇಕು.

ಇನ್ನು ಪದರದ ವಿಷಯ. ಮೊದಲ ಪದರ ಹೊಯ್ದ ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲನ್ನು (ರಬ್ಬಿಂಗ್ ಆಲ್ಕೋಹಾಲ್) ಸ್ಪ್ರೇ ಬಾಟಲಿಯಿಂದ ಸಿಂಪಡಿಸಿದರೆ ಮೇಲಿನ ಗುಳ್ಳೆಗಳು ಒಡೆಯುತ್ತವೆ. ಅದು ಬೆಂಕಿ ಹತ್ತುವ ವಸ್ತುವಾದ್ದರಿಂದ ಒಲೆ ಆರಿಸಿರಬೇಕು. ಬಳಿಕ ಕೆನೆ ಕಟ್ಟುವವರೆಗೆ ಕಾಯಬೇಕು. ಬೆರಳ ತುದಿಯಿಂದ ಮುಟ್ಟಿದರೆ ಅಂಟಬಾರದು, ಮೆಲ್ಲನೆ ಒತ್ತಿದರೆ ಕುಸಿಯಬಾರದು, ಆದರೆ ಅಚ್ಚಿನ ಹೊರಮೈ ಇನ್ನೂ ಬೆಚ್ಚಗಿರಬೇಕು. ಪೂರ್ತಿ ತಣ್ಣಗಾಗಲು ಬಿಟ್ಟು ಹೋದರೆ ಆ ಪದರ ಮೇಲಿನದನ್ನು ಹಿಡಿದುಕೊಳ್ಳುವುದಿಲ್ಲ. ಫೋರ್ಕಿನಿಂದ ಮೇಲ್ಮೈಯನ್ನು ಅಡ್ಡಡ್ಡ ಉದ್ದುದ್ದ ಹಗುರಾಗಿ ಗೀರಿ, ಮತ್ತೆ ಆಲ್ಕೋಹಾಲ್ ಸಿಂಪಡಿಸಿ, ಅದು ಆರುವ ಮೊದಲೇ ಎರಡನೆಯ ಪದರ ಹೊಯ್ಯಬೇಕು. ಆ ಹೊತ್ತಿಗೆ ಎರಡನೆಯ ಸೋಪು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಿರಬೇಕು, ಅಂದರೆ ಪಾತ್ರೆ ಅಂಗೈಗೆ ಚುರುಕೆನ್ನಬೇಕು, ಸುಡಬಾರದು. ಅದಕ್ಕಿಂತ ಬಿಸಿಯಿದ್ದರೆ ಕೆಳಗಿನದು ಕರಗಿ ಎರಡೂ ಬಣ್ಣ ಕಲಸಿಹೋಗುತ್ತವೆ. ನೇರವಾಗಿ ಸುರಿಯದೆ ಚಮಚದ ಬೆನ್ನಿನ ಮೇಲೆ ಬಿಟ್ಟು ಹರಿಸಬೇಕು, ಇಲ್ಲವಾದರೆ ಧಾರೆ ಬಿದ್ದ ಕಡೆ ಗುಳಿಯಾಗುತ್ತದೆ. ನನಗಿದನ್ನು ಕಲಿಸಿದ ಅಕ್ಕ, ಯಾರಾದರೂ ಚಮಚ ಮರೆತರೆ ಪಾತ್ರೆಯನ್ನೇ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ಒಳಗೆ ಕೂರಿಸುವ ಬಿಳಿ ದೆವ್ವವನ್ನು ಮೊದಲೇ ಕತ್ತರಿಸಿ ತಣ್ಣಗೆ ಇಟ್ಟುಕೊಂಡಿದ್ದರೆ ಬಿಸಿ ಸೋಪಿನಲ್ಲಿ ಅದರ ಆಕಾರ ಕೆಡುವುದಿಲ್ಲ. ಅದಕ್ಕೂ ಸಿಂಪಡಣೆ ಬೇಕು. ಪ್ಲಾಸ್ಟಿಕ್ ಜೇಡ ಹುದುಗಿಸಿದ ಸೋಪನ್ನು ಪುಟ್ಟ ಮಕ್ಕಳ ಕೈಗೆ ಕೊಡಬೇಡಿ, ಸೋಪು ಸವೆದ ಮೇಲೆ ಜೇಡ ಬಾಯಿಗೇ ಹೋಗುತ್ತದೆ.

ಬೇಗ ಗಟ್ಟಿಯಾಗಲೆಂದು ಫ್ರೀಜರಿನಲ್ಲಿ ಇಡುವ ಚಾಳಿ ಬಿಡಿ. ಗ್ಲಿಸರಿನ್ ಮೊದಲೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಫ್ರೀಜರಿನಿಂದ ತಣ್ಣಗೆ ಹೊರತೆಗೆದರೆ ಸೋಪು ಇನ್ನಷ್ಟು ಹನಿಹನಿಯಾಗಿ ಬೆವರುತ್ತದೆ. ಹಾಗಾಗಿ ಅಚ್ಚಿನಿಂದ ತೆಗೆದ ಕೂಡಲೇ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ, ಬಳಸುವ ದಿನವೇ ಬಿಚ್ಚಿ.